ತೊಟ್ಟಿಯ ಪಾಚಿ

ಹಸಿರು, ಬರೀ ಮಸುಕು ಹಸಿರು, ನನ್ನ ರೆಪ್ಪೆಯ ಕೂದಲೇ ಅಡ್ಡ ಬರ್ತಿದೆಯೋ ಏನೋ — ತಿರುಪು ಇನ್ನೊಂಚೂರು ತಿರುಗಿಸಿದರೆ ಎಳೆಗಳು, ಹೌದು, ಎಳೆಗಳೇ, ಮಗಳು ದೀಕ್ಷಾಳ ಈ ಆಟಿಕೆಯಂಥ ಸೂಕ್ಷ್ಮದರ್ಶಕದಲ್ಲಿ ಇಷ್ಟು ಕಂಡದ್ದೇ ದೊಡ್ಡದು, ಮೀನಿನ ತೊಟ್ಟಿಯ ಗಾಜಿನ ತುಂಬ ಇದೇ ಪಾಚಿ, ಒಂದೇ ವಾರದಲ್ಲಿ ಮೂರು ಗಪ್ಪಿ ಸತ್ತವು, ಅಮ್ಮಾ ನೀನು ಸೈನ್ಸ್ ಟೀಚರ್ ಅಲ್ವಾ ಇದು ಯಾವ ಪಾಚಿ ಹೇಳು, ಟೀಚರ್ ಹೌದು ಮಗಾ, ಆದರೆ ಪಾಚಿ ಗುರುತಿಸುತ್ತಿದ್ದವಳು ನಾನಲ್ಲ, ವೈಜಯಂತಿ, ಹಟ್ಟಿಕೇರಿಯ ಮೀನುಗಾರರ ಮನೆಯವಳು, ಬೆಳಗಿನ ಬಸ್ಸಿಗೆ ಕಾರವಾರದ ಕಾಲೇಜಿಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುವವಳು, ಸಮುದ್ರ ಇಳಿದ ಹೊತ್ತಿಗೆ ಲಂಗ ಎತ್ತಿ ಕಟ್ಟಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದಳು, ನಾನು ಬಾಟಲಿ ಹಿಡಿದು ಹಿಂದೆ, ಎಂಥ ಬಿಸಿಲು, ಎಂಥ ನಗು, ಮುಟ್ಟಿದರೇ ತಿಳೀತದೆ ದಮಯಂತಿ, ಜಾರಿದರೆ ಒಂದು ಜಾತಿ, ಒರಟಾದರೆ ಇನ್ನೊಂದು — ಎಂಬತ್ತೆಂಟರ ಪ್ರಾಕ್ಟಿಕಲ್ ಪರೀಕ್ಷೆ, ನನ್ನ ಸ್ಲೈಡಿನಲ್ಲೂ ಇಂಥವೇ ಎಳೆಗಳು, ಏನೂ ಹೊಳೆಯದೆ ಬೆವರುತ್ತಿದ್ದೆ, ಅವಳು ತುಟಿ ಅಲ್ಲಾಡಿಸದೆ ಈಡೋಗೋನಿಯಂ ಅಂದಳು, ಪರೀಕ್ಷಕರು ಅವಳತ್ತ ತಿರುಗಿದರು, ಏ ಹುಡುಗಿ, ಅವಳದು ನೋಡಿ ಬರೀತೀಯಾ, ಅವಳು ನನ್ನ ಮುಖ ನೋಡಿದಳು, ನಾನು ಸ್ಲೈಡ್ ನೋಡಿದೆ, ಅವಳನ್ನು ಹೊರಗೆ ಕಳಿಸಿದರು, ಫೇಲಾದಳು, ಮತ್ತೆ ಪರೀಕ್ಷೆ ಕಟ್ಟಲಿಲ್ಲ, ನಾನು ಪಾಸಾದೆ, ಟೀಚರ್ ಆದೆ — ಹದಿನೆಂಟು ವರ್ಷ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯಿಂದಲೇ ಬಂಗಡೆ ತಂದೆ, ಆ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ, ಇವತ್ತು ಬೆಳಿಗ್ಗೆ ಸುಮ್ಮನೆ ತೊಟ್ಟಿಯ ಸುದ್ದಿ ಹೇಳಿದ್ದಕ್ಕೆ, ಮಾರ್ಕೆಟ್ ಮುಗಿಸಿ ಬತ್ತೆ, ನೋಡ್ವ, ಅಂದಳು, ಬಂದೇ ಬಿಟ್ಟಳು, ಇಲ್ಲೇ ನನ್ನ ಬೆನ್ನ ಹಿಂದೆ ನಿಂತಿದ್ದಾಳೆ, ತೊಟ್ಟಿಗೆ ಬೆರಳು ಹಾಕಿ ಪಾಚಿ ಉಜ್ಜಿ ನೋಡ್ತಾಳೆ, ಒರಟದೆ, ಸರಿ ಅತ್ಲಾಗೆ, ನಾ ನೋಡ್ತೆ — ನಾನು ಕುರ್ಚಿ ಬಿಟ್ಟೆ, ಅವಳು ಬಗ್ಗಿದಳು, ಎಷ್ಟು ಸಲೀಸಾಗಿ, ನಡುವೆ ಇಷ್ಟು ವರ್ಷ ಹೋಗಿಯೇ ಇಲ್ಲವೆನ್ನುವ ಹಾಗೆ, ಕವಲೊಡೆದದೆ ನೋಡು, ಇದು ಕ್ಲ್ಯಾಡೋಫೋರಾ, ಮೀನು ಸಾಯೂದು ಇದರಿಂದಲ್ಲ ಮಾರಾಯ್ತಿ, ನೀವು ತಿನ್ನೂಕೆ ಹಾಕೂದು ಜಾಸ್ತಿ ಆಗಿ ನೀರು ಕೆಟ್ಟದೆ, ದೀಕ್ಷಾ ಚಪ್ಪಾಳೆ ತಟ್ಟಿ ನೀರು ತರಲು ಓಡಿದಳು, ಈಗಲೇ, ಈಗಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ, ವೈಜಯಂತೀ, ಆವತ್ತು ನಾನು ಹೇಳಬೇಕಿತ್ತು ಕಣೇ, ನನ್ನ ದನಿ ನನಗೇ ಕೇಳದಷ್ಟು ಸಣ್ಣ, ಅವಳು ತಲೆಯೆತ್ತಲಿಲ್ಲ, ಹೌದು, ಹೇಳ್ಬೇಕಿತ್ತು, ಅಷ್ಟೇ, ಸಿಟ್ಟಿಲ್ಲ, ಸಮಾಧಾನವೂ ಇಲ್ಲ, ಬೆರಳು ಮಾತ್ರ ತಿರುಪನ್ನು ಮೆಲ್ಲಗೆ ತಿರುಗಿಸ್ತದೆ, ನೋಡುವಾಗ ಇನ್ನೊಂದು ಕಣ್ಣು ಮುಚ್ಚಬಾರದು ಅಂತ ಲ್ಯಾಬಿನಲ್ಲಿ ಹೇಳಿಕೊಟ್ಟದ್ದನ್ನು ನಮ್ಮಲ್ಲಿ ಕಲಿತವಳು ಅವಳೊಬ್ಬಳೇ, ಒಂದು ಕಣ್ಣು ಮಸೂರದೊಳಗೆ, ಇನ್ನೊಂದು ತೆರೆದೇ ಇದೆ, ಮಿಟುಕದೆ, ಒದ್ದೆಯಾಗಿ, ನನ್ನ ಮೇಲೆ, ಆ ಕಣ್ಣು, ಆ ಒಂದು ಕಣ್ಣು —