ಮೂರು ಕೊಡ ಸಿಹಿನೀರು

ಮುನವಳ್ಳಿಯ ಪೇಟೆಯಲ್ಲಿ ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಸುತ್ತ ಎಲ್ಲೂ ಪಾದ ಮುಳುಗುವಷ್ಟು ನೀರಿಲ್ಲದ ಕಡೆ, ಕಿತ್ತಳೆ ಬಣ್ಣದ ಲೈಫ್ ಜಾಕೀಟು ತೊಟ್ಟು, ಅದರ ಮೂರೂ ಪಟ್ಟಿಗಳನ್ನು ಬಿಗಿದುಕೊಂಡು, ಗಂಭೀರವಾಗಿ ಬದನೆಕಾಯಿ ಆರಿಸುತ್ತಿದ್ದ ಅರುವತ್ತರ ಮನುಷ್ಯರೊಬ್ಬರು ಎರಡು ವರ್ಷಗಳ ಹಿಂದೆ ನಿಮಗೆ ಕಂಡಿದ್ದರೆ, ಅವರೇ ನಮ್ಮ ಶಟ್ಟೆಪ್ಪನವರು. ಸಂತೆಗೂ ಅದೇ, ಸವದತ್ತಿಯ ಬಸ್ಸಿಗೂ ಅದೇ. ಬೀಗರ ಮನೆಯ ಮದುವೆಗೂ ಅದನ್ನೇ ತೊಟ್ಟು ಹೊರಟಾಗ ಹೆಂಡತಿ ತಾಯವ್ವ ಹಣೆ ಚಚ್ಚಿಕೊಂಡು, "ಮದವಿ ಮನ್ಯಾಗೇನ ಮುಳಗ್ತೀರೇನ್ರಿ?" ಎಂದಿದ್ದರಂತೆ. "ಸರಕಾರದವ್ರು ಕೊಟ್ಟ ಅರಿವಿ, ತಗದಿಟ್ರ ಅವಮಾನ ಆಗ್ತೈತಿ" ಎಂದು ಇವರು ಪಟ್ಟಿಯನ್ನು ಇನ್ನೊಂದು ಬೆರಳು ಬಿಗಿದರಂತೆ.

ಅವರ ನಡಿಗೆಯೂ ಒಂದು ನಮೂನೆ. ಕಾಲು ಅಗಲಿಸಿ, ಕಾಲಡಿಯ ನೆಲ ಯಾವ ಗಳಿಗೆಯಲ್ಲಾದರೂ ಹೊಯ್ದಾಡೀತು ಎಂಬ ಎಚ್ಚರದಲ್ಲಿ ಒಲೆಯುತ್ತ ನಡೆಯುವರು. ನವಿಲುತೀರ್ಥದ ಅಣೆಕಟ್ಟು ಎದ್ದಾಗ ಅವರಿಗೆ ಎಂಟು ವರ್ಷ. ಮನೆತನದ ಹೊಲ, ಬಾವಿ, ಕಣ ಎಲ್ಲವೂ ಹಿನ್ನೀರಿನ ಪಾಲಾದ ಮೇಲೆ ಅವರಪ್ಪ ನೇಗಿಲು ಬಿಟ್ಟು ದೋಣಿ ನೂಕುವ ಜಲ್ಲೆ ಹಿಡಿದರು. ಮಗ ಆ ಜಲ್ಲೆಯನ್ನೇ ಐವತ್ತು ವರ್ಷ ಹಿಡಿದು, ಮೀನು ಹಿಡಿದು, ಜನರನ್ನು ದಾಟಿಸಿ ಸಂಸಾರ ಸಾಗಿಸಿದರು. ದೋಣಿ ನಡುನೀರಿಗೆ ಬಂದಾಗ ಜಲ್ಲೆ ಇಳಿಬಿಟ್ಟು, ಅದರ ತುದಿಗೆ ಕಲ್ಲು ತಾಗಿತೆಂದರೆ "ಇದು ನಮ್ಮ ಬಾವಿ ಕಟ್ಟೀರಿ" ಎಂದು ತೋರಿಸುವರು. ಹೀಗೆ ತಮ್ಮ ಹೊಲವನ್ನು ಮೇಲಿನಿಂದ ಮುಟ್ಟಿ ಮುಟ್ಟಿಯೇ ಇರಬೇಕು, ಜಗತ್ತಿನ ಯಾವ ವಿಷಯ ಎತ್ತಿದರೂ ಅವರು "ಮೊದಲ ತಳಾ ನೋಡ್ರಿ" ಎನ್ನುವುದು. ವರ ನೋಡಲು ಹೋದವರಿಗೂ ಅದೇ ಮಾತು, ಎತ್ತು ಕೊಳ್ಳಲು ಹೋದವರಿಗೂ ಅದೇ ಮಾತು.

ಸಮುದ್ರದ ಸಂಪತ್ತನ್ನು ಕೆಡಿಸದೆ ಬಳಸಬೇಕು, ಅದಕ್ಕೆ ನಾಳಿನ ಕೆಲಸಗಾರರನ್ನು ಇಂದೇ ತಯಾರಿಸಬೇಕು, ಕರಾವಳಿಯವರಷ್ಟೇ ಏಕೆ, ಒಳನಾಡಿನ ಮಕ್ಕಳಿಗೂ ಅದರಲ್ಲಿ ಪಾಲಿರಲಿ ಎಂದು ಸರಕಾರ ಯೋಜನೆಯೊಂದನ್ನು ಹಾಕಿತು. ಅಣೆಕಟ್ಟಿನ ಬಳಿ ಪಾಳುಬಿದ್ದಿದ್ದ ಗೋದಾಮಿಗೆ ನೀಲಿ ಬಣ್ಣ ಬಳಿದು ತರಬೇತಿ ಕೇಂದ್ರವೆಂದರು. ಈಜು, ಗಂಟು ಹಾಕುವುದು, ಬಿದಿರಿನ ತೆಪ್ಪ ಕಟ್ಟುವುದು, ಇಷ್ಟನ್ನು ಕಲಿಸಲು ನೀರು ಬಲ್ಲವರು ಬೇಕಾಗಿದ್ದರು. ಶಟ್ಟೆಪ್ಪನವರಿಗಿಂತ ಬಲ್ಲವರು ಆ ದಂಡೆಯಲ್ಲಿ ಇರಲಿಲ್ಲ. ಉದ್ಘಾಟನೆಯ ಭಾಷಣಗಳೆಲ್ಲ ಮುಗಿದ ಮೇಲೆ ಇವರು ಎದ್ದು ನಿಂತು, "ಭಾಳ ಚಲೋ ಮಾತಾಡಿದ್ರಿ ಸಾಹೇಬ್ರ. ಇದರ ತಳಾ ಎಲ್ಲೈತ್ರಿ?" ಎಂದು ಕೇಳಿದರು. ಸಭೆ ನಕ್ಕಿತು, ಸಾಹೇಬರೂ ನಕ್ಕು ಜಾಕೀಟು ತೊಡಿಸಿದರು.

ಸವದತ್ತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ರಜೆಯ ದಿನ ಅತ್ತ ಹೋಗುತ್ತಿದ್ದೆ. ಹದಿನೆಂಟು ಜನ ಕಲಿಯುವವರು, ಅವರಲ್ಲಿ ಹನ್ನೊಂದು ಹೆಣ್ಣುಮಕ್ಕಳು. ಶಟ್ಟೆಪ್ಪನವರ ಒಂದು ಕೂಗಿಗೆ ಎಲ್ಲರೂ ನೀರಿಗೆ ಧುಮುಕುವರು. "ಮಾಸ್ತರ, ನೀವು ಸಮುದ್ರ ಕಂಡೀರೇನ್ರಿ?" ಎಂದು ಸಂಗೊಳ್ಳಿಯಿಂದ ಬರುತ್ತಿದ್ದ ಶಿವಾನಿ ಒಮ್ಮೆ ಅವರನ್ನು ಕೇಳಿದಳು. "ಇಲ್ಲವ್ವಾ" ಎಂದರು ಶಟ್ಟೆಪ್ಪನವರು ಯಾವ ಸಂಕೋಚವೂ ಇಲ್ಲದೆ. "ನಮ್ಮ ಹೊಳಿ ಅಲ್ಲಿಗೇ ಹೊಂಟೈತಿ. ನಾ ಅಷ್ಟ ಹಿಂದ ಉಳದೇನಿ."

ಐದು ತಿಂಗಳ ಕಲಿಕೆಯ ಕೊನೆಗೆ ಒಂದು ಪರೀಕ್ಷೆ ಇತ್ತು. ಕರಾವಳಿಯಿಂದ ಕಡಲಪಾಚಿಯ ಬೀಜ, ಎಂದರೆ ಕಟ್ಟಿದರೆ ಮತ್ತೆ ಬೆಳೆಯುವ ಕೊಂಬೆಗಳು ಬರುತ್ತವೆ. ಅವನ್ನು ಎಂಟು ದಿನ ಜೀವ ಹಿಡಿದು ಕಾಪಾಡಿ, ಪರೀಕ್ಷಕರ ಎದುರು ತೆಪ್ಪಕ್ಕೆ ಕಟ್ಟಿ ತೋರಿಸಬೇಕು. ತೋರಿಸಿದರೆ ಹದಿನೆಂಟು ಜನರಿಗೂ ಕಡಲ ದಂಡೆಯ ಪಾಚಿ ಬೆಳೆಯುವ ಕಂಪನಿಯೊಂದರಲ್ಲಿ ಕೆಲಸ. ಶಿವಾನಿಯ ಅಪ್ಪ ಸುಭಾಸ, ಮಗಳು ಅಷ್ಟು ದೂರ ಹೋಗುವುದೇ ಬೇಡವೆಂದು ಹಟ ಹಿಡಿದಿದ್ದವನು, ಶಟ್ಟೆಪ್ಪನವರು ಮೂರು ಸಲ ಅವನ ಮನೆಗೆ ನಡೆದ ಮೇಲೆ ಒಪ್ಪಿದ್ದ. ಬೀಜ ನೋಡಿಕೊಳ್ಳುವ ಬಗೆಯ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಪಾಠ ಹೇಳಬೇಕಾದ ತಜ್ಞರು ಐದು ತಿಂಗಳಲ್ಲಿ ಒಮ್ಮೆ ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಮೂರು ಕೇಂದ್ರಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ ವ್ಯವಸ್ಥಾಪಕ ಅಜಿತ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿರೆಂದು ನನ್ನ ಕೈಗೆ ಕೊಟ್ಟ. ನಾನು ಒಪ್ಪಿಕೊಂಡೆ.

ಬೀಜ ಬಂದದ್ದು ಒಂದು ಮಧ್ಯಾಹ್ನ, ಪಿಕಪ್ ಗಾಡಿಯಲ್ಲಿ, ಒದ್ದೆ ಗೋಣಿಚೀಲಗಳಲ್ಲಿ. ಹಿಂದೆಯೇ ಟ್ಯಾಂಕರಿನಲ್ಲಿ ಬಂದ ಉಪ್ಪುನೀರು ತೊಟ್ಟಿ ತುಂಬಿತು. ಶಟ್ಟೆಪ್ಪನವರು ಚೀಲ ಬಿಚ್ಚಿದರು. ಕೆಂಗಂದು ಬಣ್ಣದ ಕೊಂಬೆಗಳು ಬಾಡಿದ್ದವು, ಮೈಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ನಮ್ಮ ಕಡೆ ದೂರದಿಂದ ಬಂದವರನ್ನು, ಅವರು ವೈರಿಯಾಗಿದ್ದರೂ, ಕೈಕಾಲಿಗೆ ನೀರು ಕೊಡದೆ ಒಳಗೆ ಕರೆಯುವುದಿಲ್ಲ. "ಪಾಪ, ಘಟ್ಟಾ ಹತ್ತಿ ಬಂದಾವು. ಮೈತುಂಬ ಉಪ್ಪ. ನೀರ ತಾರವಾ ಶಿವಾನಿ" ಎಂದರು. ಮೂರು ಕೊಡ ಮಲಪ್ರಭೆಯ ನೀರು ಬಂತು. ಒಂದನ್ನು ಶಿವಾನಿಯೇ ಹೊತ್ತು ತಂದಳು. ಕಲ್ಲಿನ ಬಾನಿಯಲ್ಲಿ ಆ ಸಿಹಿನೀರು ಸುರಿದು, ಕೊಂಬೆ ಕೊಂಬೆಯನ್ನೂ ಬಾಣಂತಿಯ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತೊಳೆದು, ದಣಿವಾರಲೆಂದು ಸಂಜೆಯವರೆಗೆ ಅದರಲ್ಲೇ ಬಿಟ್ಟರು. ಆಮೇಲೆ ಉಪ್ಪುನೀರಿನ ತೊಟ್ಟಿಗೆ ಹಾಕಿದರು.

ಮೂರನೆಯ ದಿನ ಕೊಂಬೆಗಳ ತುದಿ ಬೆಳ್ಳಗಾಯಿತು. ಐದನೆಯ ದಿನ ಮುಟ್ಟಿದರೆ ಬೆರಳ ಸಂದಿಯಲ್ಲಿ ಲೋಳೆಯಾಗಿ ಜಾರತೊಡಗಿದವು. ತಜ್ಞರು ಫೋನು ಎತ್ತಲಿಲ್ಲ. ಪರೀಕ್ಷಕರು ಬಂದವರು ಮೂಗಿಗೆ ಕರವಸ್ತ್ರ ಹಿಡಿದು ತೊಟ್ಟಿಗೆ ಇಣುಕಿ, ಕಾಗದದ ಮೇಲೆ ಒಂದೇ ಸಾಲು ಬರೆದು ಹೋದರು. ಕಂಪನಿ ಬೇರೆ ಕೇಂದ್ರದ ಮಕ್ಕಳನ್ನು ತೆಗೆದುಕೊಂಡಿತು. ಮುಂದಿನ ಆದೇಶ ಬರುವವರೆಗೆ ಗೋದಾಮಿಗೆ ಬೀಗ ಬಿತ್ತು. ಆ ಆದೇಶ ಇಂದಿಗೂ ಬಂದಿಲ್ಲ.

ಕನ್ನಡದ ಕೈಪಿಡಿ ಬಂದದ್ದು ಬೀಗ ಬಿದ್ದ ಹನ್ನೆರಡನೆಯ ದಿನ. ನಾನೇ ಒಯ್ದೆ. ಗೋದಾಮಿನ ಮುಂದೆಯೇ ಕೂತಿದ್ದ ಶಟ್ಟೆಪ್ಪನವರಿಗೆ ಓದು ಬಾರದು. ತನ್ನ ಸಾಮಾನು ಒಯ್ಯಲು ಬಂದಿದ್ದ ಶಿವಾನಿಯ ಕೈಗೆ ಕೊಟ್ಟರು. ಅವಳು ಕಟ್ಟೆಯ ಮೇಲೆ ಕೂತು ಓದಿದಳು. ಏಳನೆಯ ಪುಟದಲ್ಲಿ ಅವಳ ದನಿ ಇಳಿಯಿತು: ಬೀಜಕ್ಕೆ ಯಾವ ಕಾರಣಕ್ಕೂ ಸಿಹಿನೀರು ತಾಗಬಾರದು, ತಾಗಿದರೆ ಸಾಯುತ್ತದೆ.

"ಇನ್ನೊಮ್ಮಿ ಓದವಾ."

ಓದಿದಳು. ಶಟ್ಟೆಪ್ಪನವರು ಜಾಕೀಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಿಸಿ, ಬೀಗ ಹಾಕಿದ ಬಾಗಿಲ ಮುಂದೆ ಇಟ್ಟರು. "ನಿಮ್ಮ ಅನ್ನಕ್ಕ ನಾನ ಮಣ್ಣ ಹಾಕಿದೆ" ಎಂದರು. ಶಿವಾನಿ ಅಳುತ್ತ, "ಒಂದ ಕೊಡಾ ನಾನೂ ತಂದಿದ್ನಲ್ರಿ ಮಾಸ್ತರ" ಎಂದಳು. ಅವಳೀಗ ಕಿತ್ತೂರಿನ ಹೆದ್ದಾರಿಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಾಳೆ. ಮಗಳನ್ನು ದೂರ ಕಳಿಸಲಿಲ್ಲವೆಂದು ಸುಭಾಸ ಸಮಾಧಾನಪಟ್ಟುಕೊಂಡಿದ್ದಾನೆ.

ಹೋದ ತಿಂಗಳು ಶಟ್ಟೆಪ್ಪನವರ ಮನೆಗೆ ಹೋದೆ. ಅವರು ತಂಬಿಗೆ ತುಂಬಿಕೊಂಡು ಹೊರಗೆ ಬಂದರು. ಹೊಸ್ತಿಲ ಮೇಲೆ ಕಾಲಿಟ್ಟವರು ಅಲ್ಲೇ ನಿಂತು, ಒಮ್ಮೆ ತಂಬಿಗೆಯನ್ನೂ ಒಮ್ಮೆ ನನ್ನ ಕಾಲನ್ನೂ ನೋಡಿ, "ಈ ನೀರ ನಿಮಗ ನಡೀತೈತೇನ್ರಿ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕೇಳಿದವರಲ್ಲ ಅವರು.

ನಮ್ಮ ಸೀಮೆಯಲ್ಲಿ ಇಂಥವರದೊಂದು ಕುಲವೇ ಇದೆ. ತಮ್ಮಲ್ಲಿರುವುದರಲ್ಲಿ ಉತ್ತಮವಾದದ್ದನ್ನು ಬಂದವರ ಕಾಲಿಗೆ ಮೊದಲು ಸುರಿಯುವವರು. ಅವರಿಗೆ ತಿಳಿಸಿ ಹೇಳಬೇಕಾದವರು ಬರುವುದಿಲ್ಲ, ಓದಬಲ್ಲವರು ತಡಮಾಡುತ್ತಾರೆ, ಕೊನೆಗೆ ಕೆಟ್ಟದ್ದೆಲ್ಲ ತಮ್ಮಿಂದಲೇ ಎಂದು ಅವರು ಎಲ್ಲರಿಗಿಂತ ಮುಂಚೆ ಒಪ್ಪಿಕೊಂಡುಬಿಡುತ್ತಾರೆ. ಹಾಗಾಗಿ ಉಳಿದ ಯಾರೂ ಒಪ್ಪಿಕೊಳ್ಳಬೇಕಾದ ಪ್ರಮೇಯವೇ ಬರುವುದಿಲ್ಲ. ಬೀಜ ಬರುವ ಮುಂಚೆ ಆ ಕೈಪಿಡಿ ಐದು ವಾರ ನನ್ನ ಮೇಜಿನ ಮೇಲಿತ್ತು. ಭಾಷೆ ಇನ್ನೂ ಹದಕ್ಕೆ ಬಂದಿಲ್ಲವೆಂದು ತಿದ್ದುತ್ತ ಕೂತಿದ್ದೆ. ಅದನ್ನು ನಾನು ಶಟ್ಟೆಪ್ಪನವರಿಗೆ ಹೇಳಿಲ್ಲ. ಅಂದೂ ಅವರ ನೀರಿನಿಂದ ಕಾಲು ತೊಳೆದುಕೊಂಡೇ ಒಳಗೆ ಹೋದೆ.