ನೆಲಾವರಿಕೆಗೆ ನೀರು

ಸಾಲುಗಳ ನಡುವೆ ಕಾಲಿಟ್ಟಾಗ ಮಣ್ಣು ಹಿಮ್ಮಡಿಗೆ ಅಂಟಿತು. ಶಾಮಲಾ ಬಗ್ಗಿ ಮುಟ್ಟಿದಳು. ಮಳೆ ಬಂದು ಬಹಳ ದಿನವಾಗಿತ್ತು, ಅವಳು ಮೋಟಾರಿನ ತಂಟೆಗೂ ಹೋಗಿರಲಿಲ್ಲ. ಆದರೂ ಗಿಡಗಳ ಬುಡವೆಲ್ಲ ಹಸಿ. ಎಲೆಗಳು ಹಳದಿಗೆ ತಿರುಗುತ್ತಿದ್ದವು. ಬೇಲಿಯ ಕಡೆ ನೀರಿನ ಸದ್ದಾಗಿ ತಲೆಯೆತ್ತಿದರೆ, ಮಾವ ಆವಲಪ್ಪ ಪಂಚೆ ಎತ್ತಿ ಕಟ್ಟಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ಒಂದೊಂದು ಗಿಡಕ್ಕೂ ಮಗುವಿಗೆ ಎರೆಯುವ ಹಾಗೆ ನೀರು ಬಿಡುತ್ತಿದ್ದರು.

"ಮಾವ, ಇದಕ್ಕೆ ನೀರು ಬ್ಯಾಡ ಅಂದಿದ್ದೆ."

"ಒಣಗ್ತಿತ್ತು ಕಣಮ್ಮ. ನೋಡ್ಕಂಡು ಎಂಗೆ ಸುಮ್ನಿರಾದು?"

ದೇವನಹಳ್ಳಿ ಸೀಮೆಯಲ್ಲಿ ಆವಲಪ್ಪನವರ ದ್ರಾಕ್ಷಿಗೆ ಹೆಸರಿತ್ತು. ಮೊಣಕಾಲು ಸೋತು, ಆಳುಗಳು ಸಿಗದೆ, ಹಿಂದಿನ ವರ್ಷ ಚಪ್ಪರ ತೆಗೆಸಿದ್ದರು. ಖಾಲಿ ಹೊಲವನ್ನು ಏರ್‌ಪೋರ್ಟಿನ ಟ್ಯಾಕ್ಸಿ ನಿಲ್ಲಿಸಲು ಬಾಡಿಗೆಗೆ ಕೇಳಿದವರಿದ್ದರು. ಶಾಮಲಾಳ ಗಂಡ ದೇವೇಂದ್ರ ತಾನೂ ಟ್ಯಾಕ್ಸಿ ಓಡಿಸುವವನಾದ್ದರಿಂದ ಅವನಿಗೆ ಅದೇ ಸರಿಯೆನಿಸಿತ್ತು. ಶಾಮಲಾ ಒಪ್ಪಲಿಲ್ಲ. ತನ್ನ ತವರಿನಿಂದ ನೆಲಾವರಿಕೆಯ ಬೀಜ ತಂದಳು. ಚಳ್ಳಕೆರೆಯ ಆಚೆ, ಕುರಿಯೂ ಮೂಸಿ ಬಿಡುವ ಕಾದ ನೆಲದಲ್ಲಿ ತಾನೇ ಎದ್ದು ಹಳದಿ ಹೂ ಬಿಡುವ ಗಿಡ ಅದು. ಹೊಟ್ಟೆ ಕಟ್ಟಿದವರಿಗೆ ಅವಳ ಅಜ್ಜಿ ಅದರ ಎಲೆ ನೆನೆಹಾಕಿ ಕೊಡುತ್ತಿದ್ದಳು. ಈಗ ಅಣ್ಣ ಅದನ್ನೇ ಹೊಲದಲ್ಲಿ ಬೆಳೆದು, ಎಲೆ ಒಣಗಿಸಿ ಔಷಧಿ ಕಂಪನಿಗೆ ಕೊಡುತ್ತಿದ್ದ. "ಒಂದು ಬೆಳೆ ನೋಡವ. ಆಗ್ದಿದ್ರೆ ಬಾಡ್ಗೆಗೆ ಕೊಡದೇಯ" ಎಂದು ಅತ್ತೆ ಲಕ್ಕಮ್ಮ ಮಾತು ಮುಗಿಸಿದ್ದರು.

ಶಾಮಲಾ ಹಳದಿಯಾದ ಗಿಡವೊಂದನ್ನು ಕಿತ್ತಳು. ಎಳೆಯುವ ಮುಂಚೆಯೇ ಬಂದುಬಿಟ್ಟಿತು. ಬೇರು ಕಪ್ಪಾಗಿ ಕೊಳೆತಿತ್ತು. "ನೀವು ಬಿಟ್ಟ ನೀರಿಗೇ ಕೊಳೆತದೆ, ನೋಡಿ ಮಾವ" ಎಂದು ಅದನ್ನು ಅವರ ಕೈಗಿಟ್ಟಳು. ಆವಲಪ್ಪ ಬೇರನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದರು. ಪೈಪನ್ನು ಕೆಳಗಿಟ್ಟು ಮನೆಯ ಕಡೆ ನಡೆದರು. ಆಮೇಲೆ ಹೊಲಕ್ಕೆ ಬರಲಿಲ್ಲ. ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಊಟಕ್ಕೆ ಕರೆದರೆ ಬಂದು ಉಂಡು ಏಳುತ್ತಿದ್ದರು.

"ನೀನು ಆಡಿದ್ದು ತಪ್ಪೇನಲ್ಲ" ಎಂದರು ಲಕ್ಕಮ್ಮ ಒಲೆಯ ಮುಂದೆ. "ನೀರು ಕಟ್ಟದು ಬಿಟ್ರೆ ಅವ್ರಿಗೆ ಬ್ಯಾರೆ ಏನೂ ಗೊತ್ತಿಲ್ಲ ಕಣೆ."

ಶಾಮಲಾಳಿಗೆ ಕೆಡುಕೆನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಳೆತ ಗಿಡಗಳನ್ನು ಕಿತ್ತೆಸೆದು, ಉಳಿದವುಗಳ ಬುಡದ ಮಣ್ಣು ಸಡಿಲಿಸಿದಳು. ಬಿಸಿಲು ಏರಿದಂತೆ ಗಿಡ ಚೇತರಿಸಿಕೊಂಡವು. ಎಲೆ ದಪ್ಪಗಾಗಿ ಬೂದುಹಸಿರಿಗೆ ತಿರುಗಿದವು. ಕೊಯ್ಲು ಹತ್ತಿರ ಬಂತು.

ಒಂದು ಮಧ್ಯಾಹ್ನ ನಂದಿ ಬೆಟ್ಟದ ಕಡೆಯಿಂದ ಮೋಡ ಕಪ್ಪಗೆ ಇಳಿಯಿತು. ಶಾಮಲಾ ಹೊಲಕ್ಕೆ ಓಡುವಷ್ಟರಲ್ಲಿ ಮಳೆ ಜೋರಾಗಿ ಹೊಡೆಯುತ್ತಿತ್ತು. ಸಾಲುಗಳಲ್ಲಿ ಆಗಲೇ ಕೆಂಪು ನೀರು ನಿಂತಿತ್ತು. ಎಲ್ಲಿ ಕಡಿದರೆ ಅದು ಹೊರಗೆ ಹೋಗುತ್ತದೆಂದು ಅವಳಿಗೆ ತಿಳಿಯಲಿಲ್ಲ. ಕೈಗೆ ಸಿಕ್ಕ ಸನಿಕೆಯಿಂದ ಒಂದು ಕಡೆ ಅಗೆದಳು. ನೀರು ಅಲ್ಲೇ ಸುತ್ತಿ ವಾಪಸು ಬಂತು.

"ಅಲ್ಲಲ್ಲ ಕಣಮ್ಮ, ಇತ್ಲಾಗೆ ಬಾ."

ಆವಲಪ್ಪ ತಲೆಗೆ ಗೊಬ್ಬರದ ಚೀಲ ಹೊದ್ದು, ಕುಂಟುತ್ತಲೇ ಬದುವಿನ ಮೇಲೆ ಬರುತ್ತಿದ್ದರು. ಕೈಯಲ್ಲಿ ಗುದ್ದಲಿ ಇತ್ತು. ನೇರವಾಗಿ ಮೂಡಲ ಮೂಲೆಗೆ ಹೋಗಿ ನಿಂತರು. ಒಂದು ಹನಿಯೂ ಆಚೆ ಹೋಗಬಾರದೆಂದು ಮದುವೆಯಾದ ಹೊಸದರಲ್ಲಿ ಅವರೇ ಕಲ್ಲು ಹೊತ್ತು ಹಾಕಿದ್ದ ಬದು ಅದು.

"ನೆಲ ಇಲ್ಲಿ ತಗ್ಗು. ನೀರೆಲ್ಲ ಇಲ್ಲಿಗೇ ಬರ್ತದೆ. ನೀನು ಸಾಲಿನ ಬಾಯಿ ಬಿಡ್ಸ್ಕಂಡು ಬಾ, ನಾನು ಇದನ್ನ ಒಡೀತೀನಿ."

"ಮಾವ, ಬದು..."

"ಬದು ಕಟ್ಕಬೋದು. ಗಿಡ ಹೋದ್ರೆ ಹೋಯ್ತು."

ಗುದ್ದಲಿ ಎತ್ತಿ ಹಾಕಿದರು. ಕಲ್ಲು ಉರುಳಿತು. ಶಾಮಲಾ ಬಗ್ಗಿ ಒಂದೊಂದೇ ಸಾಲು ಬಿಡಿಸುತ್ತ ಬಂದಳು. ನಿಂತ ನೀರು ಮೊದಲು ಅಲುಗಿತು, ಆಮೇಲೆ ದಾರಿ ಕಂಡುಕೊಂಡು ಸರಸರನೆ ಕೆಳಗಿನ ಬಂಡಿದಾರಿಗೆ ಇಳಿಯಿತು. ಆವಲಪ್ಪ ಗುದ್ದಲಿಗೆ ಆತುಕೊಂಡು, ಅದು ಹೋಗುವುದನ್ನೇ ನೋಡುತ್ತ ನಿಂತರು. ಅವರ ಮುಖದಿಂದ ಮಳೆ ನೀರು ಸುರಿಯುತ್ತಿತ್ತು.

"ಈ ನೀರಿಗೆ ಎಷ್ಟು ಗುದ್ದಾಡಿದ್ದೆ ನಾನು" ಎಂದರು. ಗುದ್ದಲಿಯನ್ನು ಹೆಗಲಿಗೇರಿಸಿ, "ಹೋಗ್ಲಿ ಬಿಡು" ಎಂದರು.

ಗಿಡಗಳು ಉಳಿದವು. ನೆಲ ಆರಿ, ಎಲೆಗಳ ನೀರೆಲ್ಲ ಹಾರಿದ ಮೇಲೆ ಅತ್ತೆ, ಮಾವ, ಸೊಸೆ ಮೂವರೂ ಸೇರಿ ಎಲೆ ಬಿಡಿಸಿದರು. ಬಿಸಿಲಿಗೆ ಹಾಕಿದರೆ ಹಸಿರು ಹೋಗುತ್ತದೆಂದು ಶಾಮಲಾ ಹೇಳಿದ್ದಕ್ಕೆ, ಲಕ್ಕಮ್ಮ ಜಗಲಿಯ ನೆರಳಿನಲ್ಲಿ ಹಳೆಯ ಸೀರೆಗಳನ್ನು ಹಾಸಿದರು. ಅಣ್ಣ ಕಳಿಸಿದ್ದ ವ್ಯಾಪಾರಿ ಬಂದು ಒಂದು ಹಿಡಿ ಎಲೆ ಮೂಸಿ ನೋಡಿ, ಒಣಗಿದ ಮೇಲೆ ಫೋನು ಮಾಡಿ ಎಂದು ಹೋದ.

ಸಂಜೆ ದೇವೇಂದ್ರ ಚಪ್ಪಲಿ ಬಿಡುತ್ತ ಕೇಳಿದ: "ಆ ಟ್ಯಾಕ್ಸಿಯವ್ರು ಮತ್ತೆ ಕೇಳಿದ್ರು ಕಣವ್ವ, ಜಾಗಕ್ಕೆ. ಏನನ್ಲಿ?"

"ಬೇರೆ ಕಡೆ ನೋಡ್ಕಳಿ ಅನ್ನು" ಎಂದರು ಲಕ್ಕಮ್ಮ.

ಆವಲಪ್ಪ ಕಾಲು ಚಾಚಿ ಕೂತು, ಎಲೆಗಳನ್ನು ಮುರಿಯದ ಹಾಗೆ ಬೆರಳಿನಲ್ಲಿ ಮಗುಚುತ್ತಿದ್ದರು. ರಸ್ತೆಯ ಕಡೆಯಿಂದ ಗಾಳಿ ಬಂದಾಗಲೆಲ್ಲ ಎರಡೂ ಅಂಗೈ ಚಾಚಿ ಎಲೆಗಳ ಮೇಲೆ ಹಿಡಿಯುತ್ತಿದ್ದರು.