ಕೌದಿಯ ಅಂಚಿನಲ್ಲಿ ಬೆಳ್ಳಿ ಕರಡಿಗೆ

ಸೂಟ್‌ಕೇಸು ಮೂರು ದಿನದಿಂದ ಹಾಲಿನ ನಡುವೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಊರಿಗೆ ಹೊರಟವರ ಮನೆಯಲ್ಲಿ ಇದು ಇದ್ದದ್ದೇ. ಪರದೇಶದ ಸೌತ್‌ಹಾಲ್‌ನ ಫ್ಲ್ಯಾಟಿನಲ್ಲಿ ಮಗ ಸುಶಾಂತ ಕೆಲಸಕ್ಕೆ ಹೋದದ್ದೇ ತಡ, ಗುರುದೇವಿ ಚಿಲಕ ಹಾಕಿ ಸೂಜಿದಾರ ಹಿಡಿದು ಕೂತಳು. ತೊಡೆಯ ಮೇಲೆ ಪುಟ್ಟ ಕೌದಿ. ವಿಜಯಪುರದಲ್ಲಿರುವ ತಂಗಿಯ ಮಗಳಿಗೆ ಹುಟ್ಟಲಿರುವ ಕೂಸಿಗೆಂದು ಹೊಲಿದದ್ದು. ಅದರ ಅಂಚಿನೊಳಗೆ ತನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಚ್ಚಿಟ್ಟು ಹೊಲಿದುಬಿಡುವುದು ಅವಳ ಹಂಚಿಕೆ.

ದೀಕ್ಷೆಯಾದಾಗಿನಿಂದ ಎದೆಯ ಮೇಲಿಂದ ಇಳಿಯದ ಲಿಂಗ. ಅದನ್ನು ತಾನೇ ಇಳಿಸಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಏರ್‌ಪೋರ್ಟಿನವರನ್ನು ಅವಳು ಸುತರಾಂ ನಂಬುತ್ತಿರಲಿಲ್ಲ. ಹಿಂದಿನ ಸಲ ಕೈಗವಸು ಹಾಕಿದವಳೊಬ್ಬಳು ಕೇಳದೆಯೇ ಕರಡಿಗೆ ಮುಟ್ಟಿದ್ದಳು. ಊರು ಸೇರುವವರೆಗೆ ಗುರುದೇವಿ ನೀರೂ ಕುಡಿದಿರಲಿಲ್ಲ. ಮೇಲಿಂದ ತುಪ್ಪದ ಡಬ್ಬಿಯನ್ನೂ ಇಸಿದುಕೊಂಡಿದ್ದರು. ತುಪ್ಪವನ್ನೇ ಬಿಡದವರು ಬೆಳ್ಳಿಯನ್ನು ಬಿಡುತ್ತಾರೆಯೇ?

ಬೆಲ್ ಆಯಿತು. ಮೇಲಿನ ಫ್ಲ್ಯಾಟಿನ ಜೂಲಿಯಾ, ಉಡುಪಿ ಕಡೆಯವಳು. ಕೆಲಸವೂ ಏರ್‌ಪೋರ್ಟಿನ ತಪಾಸಣೆಯಲ್ಲೇ. ಗುರುದೇವಿ ಕೌದಿಯನ್ನು ಸೆರಗಿನಡಿ ಎದೆಗವಚಿಕೊಂಡೇ ಚಿಲಕ ತೆಗೆದಳು.

"ಸುಶಾಂತ ಹೇಳಿದ, ಪ್ಯಾಕಿಂಗಿಗೆ ಸ್ವಲ್ಪ ಸಹಾಯ ಮಾಡು ಅಂತ. ಎಂತ ಬಚ್ಚಿಟ್ರಿ ಅಮ್ಮ?"

"ಏನಿಲ್ಲವಾ. ಕೂಸಿನ ಕೌದಿ."

ಜೂಲಿಯಾ ಜೋತುಬಿದ್ದ ದಾರ ನೋಡಿದಳು. ಬರಿದಾದ ಕೊರಳನ್ನೂ ನೋಡಿದಳು. "ನಿಮ್ಮ ಲಿಂಗ ಎಲ್ಲಿ?"

"ನೀ ಅವರ ಪೈಕಿ. ನಿನಗ್ಯಾಕ ಹೇಳ್ಲಿ?"

"ಅವರ ಪೈಕಿ ಅಂತಲೇ ನನ್ನ ಮಾತು ಕೇಳಿ. ದಿನಾ ಸ್ಕ್ರೀನ್ ನೋಡುವವಳು ನಾನು. ಬಟ್ಟೆಯೊಳಗೆ ಹೊಲಿದ ಗಟ್ಟಿ ಉಂಡೆ ಕಂಡ್ರೆ ನಾನೇ ಬೆಲ್ಟ್ ನಿಲ್ಲಿಸ್ತೇನೆ. ಆಮೇಲೆ ಹೊಲಿಗೆ ಬಿಚ್ಚುದು ನೀವಲ್ಲ, ಅವ್ರು."

ಗುರುದೇವಿಯ ಮುಖ ಸಣ್ಣದಾಯಿತು. "ಹಂಗಾರ ಏನ್ ಮಾಡ್ಲಿ?"

"ಕೊರಳಿಗೇ ಹಾಕ್ಕೊಳ್ಳಿ. ಮಷೀನಿನ ಹತ್ರ ಹೋಗುವ ಮೊದಲೇ ಹೇಳಿ, ಇದು ನನ್ನ ದೇವರು, ಬೇರೆ ಕೋಣೆಯಲ್ಲಿ ಹೆಂಗಸರೇ ನೋಡ್ಲಿ ಅಂತ. ಹಾಗೆ ಕೇಳ್ಬಹುದು. ತೆಗೀಬೇಕು ಅಂದ್ರೆ ನಾನೇ ತೆಗೀತೇನೆ ಅನ್ನಿ. ನೋಡ್ದೆ ಮಾತ್ರ ಬಿಡ್ಲಿಕ್ಕಿಲ್ಲ, ನಾನು ಸುಳ್ಳು ಹೇಳುದಿಲ್ಲ."

"ಮತ್ತ ನನ್ನ ತುಪ್ಪ? ಮನೀಗೆ ಒಯ್ದು ಉಂಡ್ರಲ್ಲ?"

"ಅದು ಕಸಕ್ಕೇ ಹೋದದ್ದು ಮಾರಾಯ್ರೆ! ನಾವು ಮುಟ್ಟಿದ್ರೆ ಕೆಲಸ ಹೋಗ್ತದೆ. ತುಪ್ಪ, ಉಪ್ಪಿನಕಾಯಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ಪವರ್‌ಬ್ಯಾಂಕ್ ಕೈಚೀಲಕ್ಕೆ. ಹರಿತವಾದದ್ದು ಯಾವುದೂ ಕೈಚೀಲದಲ್ಲಿ ಬೇಡ."

ಗುರುದೇವಿಗೆ ಅರ್ಧ ನಂಬಿಕೆ ಬಂತು, ಅರ್ಧ ಬರಲಿಲ್ಲ. ಆದರೂ ಹೊಲಿಗೆ ಬಿಚ್ಚಿದಳು. ಕತ್ತರಿ, ಚಾಕು ಸೂಟ್‌ಕೇಸು ಸೇರಿದವು.

ಏರ್‌ಪೋರ್ಟಿನಲ್ಲಿ ಸುಶಾಂತ ಕಲಿಸಿದ ನಾಲ್ಕು ಇಂಗ್ಲಿಷ್ ಮಾತುಗಳನ್ನು ಅವಳು ಗಟ್ಟಿಯಾಗಿಯೇ ಹೇಳಿದಳು. ಅಧಿಕಾರಿಣಿಯೊಬ್ಬಳು ಸಣ್ಣ ಕೋಣೆಗೆ ಕರೆದೊಯ್ದಳು. ಗುರುದೇವಿಯ ಕಣ್ಣು ಅವಳ ಕೈಗವಸಿನ ಮೇಲೇ. ಅವಳು ಮುಟ್ಟಲಿಲ್ಲ, ನೀವೇ ತೆರೆಯಿರಿ ಎಂದು ಸನ್ನೆ ಮಾಡಿದಳು. ಗುರುದೇವಿ ಕರಡಿಗೆ ತೆರೆದು ತೋರಿಸಿದಳು. ಅಧಿಕಾರಿಣಿ ಅದರ ಹೊರಮೈಯನ್ನು ಒಂದು ಬಟ್ಟೆಯ ತುಣುಕಿನಿಂದಷ್ಟೇ ಒರೆಸಿ ಪರೀಕ್ಷಿಸಿ, ಸರಿ ಎಂದು ತಲೆಯಾಡಿಸಿದಳು. ಲಿಂಗ ಮತ್ತೆ ಎದೆಯ ಮೇಲೆ ಬಂದಾಗ ಗುರುದೇವಿಯ ಕಣ್ಣು ತುಂಬಿ ಬಂತು.

ಹೊರಗೆ ಬಂದರೆ ಅವಳ ಕೈಚೀಲವನ್ನು ಬದಿಗೆ ಎತ್ತಿಟ್ಟಿದ್ದರು. ಕಳ್ಳರು, ಕಡೆಗೂ ತಮ್ಮ ಬುದ್ಧಿ ತೋರಿಸಿದರು ಎಂದುಕೊಂಡಳು. ಆದರೆ ಎಲೆಯಡಿಕೆ ಸಂಚಿಯಿಂದ ಹೊರಬಂದದ್ದು ಅಡಿಕೆ ಕತ್ತರಿಸಲು ಅತ್ತೆ ಕೊಟ್ಟ ಹರಿತವಾದ ಅಡಕೊತ್ತು. ಅದಿದ್ದದ್ದೇ ಮರೆತುಹೋಗಿತ್ತು. ಅದು ಅಲ್ಲೇ ಅವರ ಪಾಲಾಯಿತು. ಈ ಸಲ ಬೈಯಲು ಯಾರೂ ಸಿಗಲಿಲ್ಲ, ಚೀಲ ತುಂಬಿದವಳು ತಾನೇ.

ನೀವೂ ಊರಿಗೆ ಹೊರಟಿದ್ದೀರಾ? ಕೊರಳಲ್ಲಿ ಲಿಂಗವಿರಲಿ, ಶಿಲುಬೆಯಿರಲಿ, ತಾಯಿತವಿರಲಿ, ಬಚ್ಚಿಡಬೇಡಿ. ಮೊದಲೇ ಬಾಯಿಬಿಟ್ಟು ಹೇಳಿ. ಎಲ್ಲ ಏರ್‌ಪೋರ್ಟಿನ ನಿಯಮ ಒಂದೇ ಅಲ್ಲ, ನಿಮ್ಮದರ ವೆಬ್‌ಸೈಟ್ ನೋಡಿಕೊಳ್ಳಿ. ಹಿಂದಿನ ದಿನವೇ ಕೈಚೀಲವನ್ನು ಪೂರ್ತಿ ಬೋರಲು ಹಾಕಿ, ಸಂಚಿಯನ್ನೂ ಬಿಚ್ಚಿ ನೋಡಿ. ಗುರುದೇವಿಯ ಅಡಕೊತ್ತು ಒಂದು ಹೋದದ್ದು ಸಾಕು.